ಬಾಳಿಕೆಯ ಸರಕುಗಳೂ ನಮ್ಮ ಸಂಸಾರವೂ

(ಹಿಮಾಯತ್‌ನಗರದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡು, ನುಡಿ, ಕವಿಗಳು, ಅರಸರು ಇವರ ವಿಚಾರವಾಗಿ ಮಾತನಾಡುವುದು ವಾಡಿಕೆ. ಈ ಸಾರಿ ಕಾರ್ಯಕಾರಿ ಮಂಡಲಿಯವರು ನಮಗೆ ಒಪ್ಪಿಸಿರುವ ವಿಷಯ ಬೇರೆ ಬಗೆಯದು. ಫ್ರಿಜ್, ಗಡಿಯಾರ, ಫ್ಯಾನು, ಹೊಲಿಗೆ ಯಂತ್ರ, ಮೋಟಾರು ವಾಹನ ಮುಂತಾದ ಬಹುಕಾಲ ಬಾಳುವ ಸರಕುಗಳಿಗೂ ದೇಶದ ಆರ್ಥಿಕ ಜೀವನಕ್ಕೂ ಇರುವ ಸಂಬಂಧವೇನು ಎಂಬುದನ್ನು ಸಂಸಾರಸ್ಥರಿಗೆ ತಿಳಿಯುವಂತೆ ಹೇಳಬೇಕೆಂದು ಅಪ್ಪಣೆ ಮಾಡಿದ್ದಾರೆ. ವಿಷಯ ಒಣಗಿದ್ದೆಂದು ಮೊದಲಿಗೆ ತೋರಬಹುದು. ಆದರೆ ಇಲ್ಲಿ ಕುಳಿತಿರುವ ಪ್ರತಿಯೊಂದು ಮನೆಯವರೂ ವರ್ಷಕ್ಕೊಮ್ಮೆಯಾದರೂ ಇದನ್ನು ಕುರಿತು ಗಂಡ ಹೆಂಡಿರು ಕೂತು ಚರ್ಚಿಸಿರುತ್ತಾರೆ. ಹಳೆಯದನ್ನು ರಿಪೇರಿ ಮಾಡಿಸೋಣವೇ, ಹೊಸದನ್ನು ಕೊಳ್ಳೋಣವೇ, ಈ ದೀಪಾವಳಿಗೋ ಬರುವ ಯುಗಾದಿಗೋ, ರೊಕ್ಕ ಕೊಟ್ಟೋ ಕಂತಿನ ಮೇಲೋ ಎಂಬ ಚರ್ಚೆ ನಡೆಯದ ಮನೆ ಇಲ್ಲ. ಆ ಚರ್ಚೆಯೇ ಈ ಭಾಷಣದ ವಿಷಯವೆಂದು ತಿಳಿದರೆ ಸಾಕು.

ನಮ್ಮಂಥ ವಲಸೆ ಬಂದ ಮನೆಗಳಿಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. ೧೯೫೬ನೆಯ ಇಸವಿ ನವೆಂಬರ್ ೧ರಂದು ಹೈದರಾಬಾದು ರಾಜ್ಯ ವಿಂಗಡವಾಗಿ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬದಲಾಯಿತು, ಉದ್ಯೋಗಕ್ಕಾಗಿ ಈ ನಗರಕ್ಕೆ ಬರುವ ದಾರಿ ಮಾತ್ರ ಬದಲಾಗಲಿಲ್ಲ. ನಮ್ಮಲ್ಲಿ ಕೆಲವರು ಅದಕ್ಕೂ ಹಿಂದಿನಿಂದ ಇಲ್ಲಿಯೇ ನೆಲೆಸಿದ ಮನೆತನದವರು. ಕೆಲವರು ರೈಲ್ವೆ, ಬ್ಯಾಂಕು, ಹೋಟೆಲು, ಕಾರ್ಖಾನೆಗಳ ಕೆಲಸಕ್ಕೆ ಬಂದವರು. ಈಚಿನವರು ಕಂಪ್ಯೂಟರ್ ಕಂಪನಿಗಳಿಗಾಗಿ ಬಂದವರು. ಊರಿನಿಂದ ಬರುವಾಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ನಾಲ್ಕು ಪಾತ್ರೆ ತಂದಿದ್ದೆವು. ಉಳಿದ ಸಂಸಾರವನ್ನೆಲ್ಲ ಇಲ್ಲಿಯೇ ಒಂದೊಂದಾಗಿ ಕೊಂಡು ಜೋಡಿಸಬೇಕಾಯಿತು. ಆದುದರಿಂದ ನಾವು ಊರಿನಲ್ಲಿ ಉಳಿದವರಿಗಿಂತ ಹೆಚ್ಚಾಗಿ ಬಾಳಿಕೆಯ ಸರಕುಗಳ ಗಿರಾಕಿಗಳು. ನಮ್ಮವರಲ್ಲಿ ಎಷ್ಟೋ ಮಂದಿ ಅವುಗಳನ್ನು ತಯಾರಿಸುವ, ಮಾರುವ, ರಿಪೇರಿ ಮಾಡುವ ಕೆಲಸಗಳಿಂದಲೇ ಅನ್ನ ಉಂಡವರು.

ಮೊದಲು ಹೆಸರಿನ ವಿಚಾರ. ಅಕ್ಕಿ, ಬೇಳೆ, ಸಾಬೂನು, ವೃತ್ತಪತ್ರಿಕೆ ಇವು ಕೊಂಡು ಬಳಸಿದ ಕೂಡಲೇ ಮುಗಿಯುವ ಸರಕುಗಳು. ಬಟ್ಟೆ, ಚಪ್ಪಲಿಗಳು ಸ್ವಲ್ಪ ಕಾಲ ಬಾಳುತ್ತವೆ. ಬೀರು, ಫ್ರಿಜ್, ಫ್ಯಾನು, ಸೈಕಲ್ಲು, ಮೋಟಾರು ಹಲವು ವರ್ಷ ಬಾಳುತ್ತವೆ. ಮೂರು ವರ್ಷಕ್ಕೆ ಕಡಮೆಯಿಲ್ಲದೆ ಬಾಳುವುದನ್ನು ಬಾಳಿಕೆಯ ಸರಕೆಂದು ಎಣಿಸುವುದು ಅಮೆರಿಕದ ಲೆಕ್ಕದವರ ರೂಢಿ. ಇಂಥ ಸರಕನ್ನು ಕೊಂಡಾಗ ನಾವು ವಾಸ್ತವವಾಗಿ ಕೊಳ್ಳುವುದು ಬರಿಯ ಪೆಟ್ಟಿಗೆಯನ್ನಲ್ಲ. ಬರುವ ಹತ್ತು ವರ್ಷದ ಸೇವೆಯನ್ನು ಮುಂಗಡವಾಗಿ ಕೊಂಡಿಟ್ಟುಕೊಳ್ಳುತ್ತೇವೆ. ಹಾಲು ಕೆಡದಂತೆ ಹತ್ತು ವರ್ಷ ಕಾಯುವ ಕೆಲಸಕ್ಕೆ ಈಗಲೇ ಹಣ ಕಟ್ಟುತ್ತೇವೆ. ಮುಂದೆ ನಾವು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಬಾಳಿಕೆಯ ಸರಕುಗಳಲ್ಲಿಯೂ ಎರಡು ಬಗೆಯುಂಟು. ಮನೆಯಲ್ಲಿ ಬಳಸತಕ್ಕವು ಒಂದು ಬಗೆ. ಬೇರೆ ಸರಕನ್ನು ತಯಾರಿಸಲು ಬಳಸತಕ್ಕ ಯಂತ್ರಗಳು ಇನ್ನೊಂದು ಬಗೆ. ಒಂದೇ ವಸ್ತು ಎರಡೂ ಆಗಬಲ್ಲದು. ಮನೆಯ ಮೂಲೆಯಲ್ಲಿ ಕುಳಿತು ಮಕ್ಕಳ ಲಂಗ ಹೊಲಿಯುವ ಹೊಲಿಗೆ ಯಂತ್ರವನ್ನು ರಾಷ್ಟ್ರದ ಲೆಕ್ಕದಲ್ಲಿ ಕೊಂಡ ವರ್ಷದ ಖರ್ಚಿಗೆ ಬರೆಯುತ್ತಾರೆ. ಅದೇ ಯಂತ್ರ ಎದುರಿನ ದರ್ಜಿಯ ಅಂಗಡಿಯಲ್ಲಿದ್ದರೆ ಅದು ಬಂಡವಾಳ. ಮನೆಯೊಡತಿ ಹೊಲಿದು ಉಳಿಸಿದ ಕೂಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ದೇಶದ ಕೈಗಾರಿಕಾ ಉತ್ಪನ್ನದ ಸೂಚ್ಯಂಕವನ್ನು ೨೦೧೧–೧೨ನೆಯ ವರ್ಷವನ್ನು ಆಧಾರವಾಗಿಟ್ಟುಕೊಂಡು ರಚಿಸಿದಾಗ, ಮನೆಬಳಕೆಯ ಬಾಳಿಕೆಯ ಸರಕುಗಳಿಗೆ ನೂರಕ್ಕೆ ೧೨.೮೪ರಷ್ಟೂ, ಬಳಸಿ ಮುಗಿಸುವ ಸರಕುಗಳಿಗೆ ೧೫.೩೩ರಷ್ಟೂ, ಯಂತ್ರಾದಿ ಬಂಡವಾಳ ಸರಕುಗಳಿಗೆ ೮.೨೨ರಷ್ಟೂ ತೂಕವನ್ನು ಕೊಟ್ಟರು. ಎಂದರೆ ನಮ್ಮ ಮನೆಗಳ ಫ್ರಿಜ್ಜು, ಫ್ಯಾನುಗಳ ಬಳಗ ದೇಶದ ಕೈಗಾರಿಕೆಯಲ್ಲಿ ಸುಮಾರು ಎಂಟನೆಯ ಒಂದು ಪಾಲನ್ನು ಹೊತ್ತುಕೊಂಡಿತ್ತು.

ನಮ್ಮ ಹಿಂದಿನವರಿಗೆ ಬಾಳಿಕೆಯ ಸರಕು ಗೊತ್ತಿರಲಿಲ್ಲವೆಂದು ತಿಳಿಯಬಾರದು. ಬಚ್ಚಲಿನ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಕಂಚಿನ ತಟ್ಟೆ, ಕಲ್ಲಿನ ಒರಳು, ಬೀದರಿನ ಕುಶಲಿಗಳು ಬೆಳ್ಳಿ ಕೂರಿಸಿ ಮಾಡಿದ ಹೂಜಿ ಇವೆಲ್ಲ ಮೂರು ತಲೆಮಾರು ಬಾಳಿದವು. ಅವುಗಳಿಗೂ ಇಂದಿನ ಸರಕುಗಳಿಗೂ ಒಂದು ದೊಡ್ಡ ಅಂತರವಿದೆ. ತಾಮ್ರದ ಹಂಡೆಯ ಬೆಲೆಯಲ್ಲಿ ಹೆಚ್ಚಿನ ಪಾಲು ತಾಮ್ರದ್ದೇ ಆಗಿತ್ತು. ಹಂಡೆ ಸೀಳಿದರೂ ತೂಕಕ್ಕೆ ಬೆಲೆಯುಂಟು. ಬರಗಾಲದ ವರ್ಷ ಅದನ್ನು ಒತ್ತೆಯಿಟ್ಟು ಬೀಜದ ಜೋಳ ತಂದ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಹಂಡೆ ಪಾತ್ರೆಯೂ ಹೌದು, ಉಳಿತಾಯವೂ ಹೌದು. ಇಂದಿನ ಫ್ರಿಜ್ಜಿನ ಬೆಲೆ ಅದರ ತಗಡಿನಲ್ಲಿಲ್ಲ, ಅದರ ಕೆಲಸದಲ್ಲಿದೆ. ಕೆಲಸ ನಿಂತ ದಿನ ಅದು ಗುಜರಿಯವನ ಗಾಡಿಗೆ ಕೆಲವೇ ನೂರು ರೂಪಾಯಿಯ ಸರಕು. ಆದುದರಿಂದ ಹಳೆಯ ಕಾಲದಲ್ಲಿ ಪಾತ್ರೆ ಕೊಂಡದ್ದನ್ನು ಆಸ್ತಿ ಮಾಡಿದರೆಂದು ಹೊಗಳಿದಂತೆ ಇಂದು ಯಂತ್ರ ಕೊಂಡದ್ದನ್ನು ಹೊಗಳಲಾಗದು. ಅದು ದುಡಿಯುವಷ್ಟು ಕಾಲ ಮಾತ್ರ ಆಸ್ತಿ. ದುಡಿಸುವ ಹೊಣೆ ನಮ್ಮದು.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಬಾಳಿಕೆಯ ಸರಕಿಗೆ ಇರುವ ವಿಶೇಷ ಗುಣವೇನೆಂದರೆ, ಅದನ್ನು ಕೊಳ್ಳುವುದನ್ನು ಮುಂದೂಡಬಹುದು. ಈ ತಿಂಗಳು ಅಕ್ಕಿ ಬೇಡ, ಬರುವ ತಿಂಗಳು ನೋಡೋಣ ಎನ್ನಲಾಗದು. ಹಳೆಯ ಫ್ಯಾನು ಕಿರುಗುಟ್ಟಿದರೂ ಇನ್ನೊಂದು ಬೇಸಿಗೆ ತಿರುಗೀತು ಎನ್ನಬಹುದು. ಇದಕ್ಕೆ ಬಹು ಹತ್ತಿರದ ನಿದರ್ಶನವುಂಟು. ೨೦೨೫ರ ಆಗಸ್ಟ್ ೧೫ರಂದು ಪ್ರಧಾನಮಂತ್ರಿಗಳು ಜಿ.ಎಸ್.ಟಿ. ತೆರಿಗೆಯ ದರಗಳನ್ನು ಇಳಿಸುವ ಸೂಚನೆ ಕೊಟ್ಟರು. ಹವಾನಿಯಂತ್ರಣ ಯಂತ್ರ, ದೊಡ್ಡ ಟೆಲಿವಿಷನ್, ಚಿಕ್ಕ ಮೋಟಾರು ಕಾರು ಇವುಗಳ ಮೇಲಿನ ತೆರಿಗೆ ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದದ್ದು ಸೆಪ್ಟೆಂಬರ್ ೨೨ರಂದು. ನಡುವಣ ಐದು ವಾರ ಗಿರಾಕಿಗಳು ಕೈಕಟ್ಟಿ ಕುಳಿತರು. ಆ ಐದು ವಾರದಲ್ಲಿ ಅಕ್ಕಿ ಬೇಳೆಯ ಅಂಗಡಿಯಲ್ಲಿ ಒಬ್ಬರೂ ಕಾಯುತ್ತ ಕೂರಲಿಲ್ಲ.

ತೆರಿಗೆಗಾಗಿ ಕಾಯುವುದು ಸಣ್ಣ ಮಾತು. ಭಯದಿಂದ ಕಾಯುವುದು ದೊಡ್ಡ ಮಾತು. ೧೯೨೯ರಲ್ಲಿ ಅಮೆರಿಕದ ಕಾರ್ಖಾನೆಗಳು ಸುಮಾರು ೫೩ ಲಕ್ಷ ಮೋಟಾರು ವಾಹನಗಳನ್ನು ತಯಾರಿಸಿದ್ದವು. ಆ ವರ್ಷದ ಕೊನೆಯಲ್ಲಿ ಮುಗ್ಗಟ್ಟು ಮೊದಲಾಯಿತು. ೧೯೩೨ರಲ್ಲಿ ತಯಾರಾದವು ಸುಮಾರು ೧೩ ಲಕ್ಷ ಮಾತ್ರ. ಅಮೆರಿಕದವರು ರೊಟ್ಟಿ ತಿನ್ನುವುದನ್ನು ಕಾಲು ಭಾಗಕ್ಕೆ ಇಳಿಸಲಿಲ್ಲ. ಇಳಿಸಲು ಸಾಧ್ಯವೂ ಇರಲಿಲ್ಲ. ಆದರೆ ಹಳೆಯ ಕಾರನ್ನೇ ಇನ್ನೆರಡು ವರ್ಷ ಓಡಿಸಬಹುದಾಗಿತ್ತು, ಓಡಿಸಿದರು. ಅಷ್ಟರಿಂದ ಕಾರ್ಖಾನೆ ಬಾಗಿಲು ಹಾಕಿತು, ಉಕ್ಕಿನ ಕುಲುಮೆ ತಣ್ಣಗಾಯಿತು, ಕೆಲಸ ಹೋದವರು ತಾವೂ ಕೊಳ್ಳುವುದನ್ನು ನಿಲ್ಲಿಸಿದರು. ಮುಗ್ಗಟ್ಟು ಮುಗ್ಗಟ್ಟನ್ನು ಹೆತ್ತಿತು.

ಈ ಏರಿಳಿತ ಇಷ್ಟು ತೀವ್ರವಾಗುವುದೇಕೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸುತ್ತೇವೆ. ಒಂದು ಬಡಾವಣೆಯಲ್ಲಿ ಸಾವಿರ ಮನೆಗಳಿವೆ, ಮನೆಗೊಂದು ಫ್ರಿಜ್ ಇದೆ, ಫ್ರಿಜ್ ಹತ್ತು ವರ್ಷ ಬಾಳುತ್ತದೆ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ನೂರು ಫ್ರಿಜ್ಜುಗಳು ಹಳೆಯದಾಗಿ ನೂರು ಹೊಸವು ಬರಬೇಕು. ಹೊಸದಾಗಿ ಸಂಸಾರ ಹೂಡುವ ಐವತ್ತು ಮನೆಗಳೂ ಸೇರಿದರೆ ವರ್ಷದ ಮಾರಾಟ ನೂರ ಐವತ್ತು. ಒಂದು ವರ್ಷ ಕಾಲ ಕೆಟ್ಟಿತು. ಹಳೆಯ ಮನೆಗಳವರೆಲ್ಲ ಇದೊಂದು ವರ್ಷ ತಡೆಯೋಣ ಎಂದರು. ಆ ವರ್ಷ ಮಾರಾಟ ಐವತ್ತಕ್ಕೆ ಇಳಿಯಿತು, ಎಂದರೆ ಮೂರರಲ್ಲಿ ಒಂದು ಪಾಲಾಯಿತು. ಬಡಾವಣೆಯನ್ನು ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣದು. ಎಲ್ಲರ ಮನೆಯಲ್ಲೂ ಫ್ರಿಜ್ ಇದೆ, ಹಾಲು ತಣ್ಣಗಿದೆ. ಕಾರ್ಖಾನೆಯಲ್ಲಿ ಮಾತ್ರ ಮೂರರಲ್ಲಿ ಎರಡು ಪಾಳಿ ನಿಂತುಹೋಗಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ತಗಡನ್ನು ಒತ್ತಿ ಫ್ರಿಜ್ಜಿನ ಬಾಗಿಲು ಮಾಡುವ ಯಂತ್ರವೂ ಬಾಳಿಕೆಯ ಸರಕೇ. ಮಾರಾಟ ಇಳಿದ ವರ್ಷ ಆ ಕಾರ್ಖಾನೆಯವರು ಹೊಸ ಯಂತ್ರವನ್ನು ಕಡಮೆ ಕೊಳ್ಳುವುದಿಲ್ಲ, ಒಂದನ್ನೂ ಕೊಳ್ಳುವುದಿಲ್ಲ. ಇರುವ ಯಂತ್ರಗಳೇ ಸುಮ್ಮನೆ ನಿಂತಿವೆ. ಆದುದರಿಂದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಗೆ ಬೀಳುವ ಪೆಟ್ಟು ಇನ್ನೂ ಬಲವಾದದ್ದು. ೧೯೬೫–೬೬, ೧೯೬೬–೬೭ರಲ್ಲಿ ಒಂದಾದ ಮೇಲೊಂದು ಬರಗಾಲ ಬಿದ್ದಾಗ ನಮ್ಮ ದೇಶದಲ್ಲಿ ಯಂತ್ರ ನಿರ್ಮಾಣದ ಕೈಗಾರಿಕೆಗಳು ಹಿಂಜರಿತಕ್ಕೆ ಸಿಕ್ಕಿದ್ದು ಹೀಗೆಯೇ. ಹೊಲದಲ್ಲಿ ಮಳೆ ತಪ್ಪಿದರೆ ಲೇತು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ತಪ್ಪುತ್ತದೆಂಬುದು ಮೇಲೆ ನೋಡಿದರೆ ನಂಬಲಾಗದ ಮಾತು. ಲೆಕ್ಕ ಹಾಕಿದರೆ ಸರಿಯಾದ ಮಾತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸರಕು ಹೆಚ್ಚು ಕಾಲ ಬಾಳಿದಷ್ಟೂ ಕಾರ್ಖಾನೆಗೆ ಕೆಡುಕು ಎಂದಾಯಿತಲ್ಲವೇ? ಹಾಗಿದ್ದರೆ ಬೇಗ ಹಾಳಾಗುವ ಸರಕನ್ನು ಮಾಡುವುದೇ ದೇಶಕ್ಕೆ ಹಿತವೇ? ಹೀಗೆ ಹೇಳುವವರು ಇದ್ದಾರೆ. ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಾವಿರುವ ಈ ನಗರದ ಒಂದು ಕಾರ್ಖಾನೆಯನ್ನೂ, ನಮ್ಮ ಬೆಂಗಳೂರಿನ ಒಂದು ಕಾರ್ಖಾನೆಯನ್ನೂ ನೋಡೋಣ.

ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಸ್ಥಾಪನೆಯಾದದ್ದು ೧೯೪೨ರಲ್ಲಿ, ನಿಜಾಮರ ಸರ್ಕಾರದ ಕಾಲದಲ್ಲಿ. ಸನತ್‌ನಗರದ ಈ ಕಾರ್ಖಾನೆ ಬಸ್ಸುಗಳ ಮೈಕಟ್ಟು, ಉಕ್ಕಿನ ಬೀರು, ಕುರ್ಚಿಗಳನ್ನು ಮಾಡಿತು. ಮುಂದೆ ಫ್ರಿಜ್ಜುಗಳನ್ನು ತಯಾರಿಸಿ ದೇಶದಲ್ಲೆಲ್ಲ ಹೆಸರಾಯಿತು. ೧೯೮೦ರ ದಶಕದಲ್ಲಿ ಜಪಾನಿನ ಸೀಕೋ ಸಂಸ್ಥೆಯ ಸಹಕಾರದಿಂದ ಕೈಗಡಿಯಾರವನ್ನೂ, ನಿಸ್ಸಾನ್ ಸಂಸ್ಥೆಯ ಸಹಕಾರದಿಂದ ಜಹೀರಾಬಾದಿನಲ್ಲಿ ಹಗುರ ಲಾರಿಯನ್ನೂ ತಯಾರಿಸುವ ಕೆಲಸ ಕೈಗೊಂಡಿತು. ಆ ಕಾಲದಲ್ಲಿ ಈ ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಆಲ್ವಿನ್ ಫ್ರಿಜ್ ಪರಿಚಿತ ವಸ್ತುವಾಗಿತ್ತು. ಕಾಲಕ್ರಮದಲ್ಲಿ ನಷ್ಟ ಬೆಳೆಯಿತು. ೧೯೯೧ರ ತರುವಾಯ ಪರವಾನಗಿಯ ಕಟ್ಟುಗಳು ಸಡಿಲವಾಗಿ ಪೈಪೋಟಿ ಹೆಚ್ಚಿತು. ೧೯೯೦ರ ದಶಕದ ಮೊದಲರ್ಧದಲ್ಲಿ ಫ್ರಿಜ್ಜಿನ ವಿಭಾಗ ವೋಲ್ಟಾಸ್ ಸಂಸ್ಥೆಗೆ ಹೋಯಿತು. ಲಾರಿಯ ವಿಭಾಗ ಮಹೀಂದ್ರ ಸಂಸ್ಥೆಯಲ್ಲಿ ಸೇರಿಹೋಯಿತು. ನಾವು ಬೀದರಿಗೆ ಹೋಗುವಾಗ ಜಹೀರಾಬಾದಿನ ಹಾದಿಯಲ್ಲಿ ಕಾಣುವ ಮಹೀಂದ್ರ ಕಾರ್ಖಾನೆಗೆ ಮೂಲ ಅದೇ.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಎಂದರೆ ಎಚ್.ಎಂ.ಟಿ., ೧೯೫೩ರಲ್ಲಿ ಸ್ಥಾಪನೆಯಾದದ್ದು ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಕೈಗಡಿಯಾರದ ಕಾರ್ಖಾನೆ ಮೊದಲಾಯಿತು. ಪ್ರಧಾನಿ ನೆಹರೂ ಅವರು ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದರು. ಮದುವೆಯ ಉಡುಗೊರೆಯಾಗಿ, ಪರೀಕ್ಷೆ ಪಾಸಾದ ಹುಡುಗನ ಬಹುಮಾನವಾಗಿ, ನಿವೃತ್ತಿಯ ದಿನದ ಗೌರವವಾಗಿ ಈ ಗಡಿಯಾರ ಕನ್ನಡ ನಾಡಿನ ಮನೆಮನೆಗೂ ಬಂತು. ದಿನಕ್ಕೊಮ್ಮೆ ಕೀಲಿ ಕೊಟ್ಟು ಆಗಾಗ ಸರ್ವಿಸ್ ಮಾಡಿಸಿದರೆ ನಲವತ್ತು ವರ್ಷ ನಡೆಯುತ್ತಿತ್ತು. ಎಷ್ಟೋ ಕೈಗಳ ಮೇಲೆ ಈಗಲೂ ನಡೆಯುತ್ತಿದೆ. ಆದರೆ ಗಡಿಯಾರಗಳನ್ನು ತಯಾರಿಸುತ್ತಿದ್ದ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚುವ ತೀರ್ಮಾನಕ್ಕೆ ೨೦೧೬ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸರಕು ಉಳಿಯಿತು, ಕಾರ್ಖಾನೆ ಅಳಿಯಿತು.

ಹಾಗಾದರೆ ಗಡಿಯಾರ ಗಟ್ಟಿಯಾಗಿದ್ದುದೇ ಕಾರ್ಖಾನೆಗೆ ಮುಳುವಾಯಿತೇ? ಆಗಲಿಲ್ಲವೆಂದು ನಮ್ಮ ಅಭಿಪ್ರಾಯ. ಹಿಂದಿನ ಲೆಕ್ಕಕ್ಕೆ ಮರಳಿ ನೋಡಿರಿ. ಫ್ರಿಜ್ಜಿನ ಆಯುಸ್ಸು ಹತ್ತರಿಂದ ಹನ್ನೊಂದು ವರ್ಷಕ್ಕೆ ಏರಿ ಅಲ್ಲಿಯೇ ನಿಂತರೆ, ಆ ಸಾವಿರ ಮನೆಗಳಲ್ಲಿ ಹಳೆಯದಕ್ಕೆ ಬದಲು ಬೇಕಾಗುವ ಫ್ರಿಜ್ಜುಗಳು ನೂರಕ್ಕೆ ಬದಲು ಸರಾಸರಿ ತೊಂಬತ್ತೊಂದು. ಇದನ್ನು ಕಾರ್ಖಾನೆ ತಾಳಿಕೊಳ್ಳಬಲ್ಲದು. ತಾಳಿಕೊಳ್ಳಲಾಗದ್ದು ಒಮ್ಮೆಗೇ ಬೀಳುವ ಇಳಿತ, ಮತ್ತು ಗಿರಾಕಿಯ ಅಗತ್ಯವೇ ಬೇರೆ ಕಡೆಗೆ ಹೊರಳುವುದು. ೧೯೬೯ರಲ್ಲಿ ಜಪಾನಿನಲ್ಲಿ ಕ್ವಾರ್ಟ್ಸ್ ಕೈಗಡಿಯಾರ ಮಾರಾಟಕ್ಕೆ ಬಂತು. ಕೀಲಿ ಬೇಡ, ಸಮಯ ತಪ್ಪುವುದಿಲ್ಲ, ಬರುಬರುತ್ತ ತೆಳ್ಳಗೂ ಅಗ್ಗವೂ ಆಯಿತು. ಎಚ್.ಎಂ.ಟಿ.ಯವರೂ ಕ್ವಾರ್ಟ್ಸ್ ಗಡಿಯಾರ ಮಾಡಿದರು; ಆದರೆ ಅವರ ಬಲವೆಲ್ಲ ಕೀಲಿಯ ಗಡಿಯಾರದಲ್ಲಿಯೇ ಉಳಿಯಿತು. ನಮ್ಮ ಗಡಿಯ ಹೊಸೂರಿನಲ್ಲಿ ಟೈಟನ್ ಸಂಸ್ಥೆ ೧೯೮೦ರ ದಶಕದಲ್ಲಿ ಕಾರ್ಖಾನೆ ಹೂಡಿ ಕ್ವಾರ್ಟ್ಸನ್ನೇ ನೆಚ್ಚಿತು, ಗೆದ್ದಿತು. ಅಂಗಡಿಗೆ ಬಂದವರು ಹಳೆಯ ಗಡಿಯಾರ ಕೆಟ್ಟಿತೆಂದು ಬರಲಿಲ್ಲ, ಹೊಸ ಬಗೆಯದು ಬೇಕೆಂದು ಬಂದರು. ಆದುದರಿಂದ ಗಟ್ಟಿ ಸರಕು ಕಾರ್ಖಾನೆಯನ್ನು ಕೊಲ್ಲುತ್ತದೆಂಬ ಮಾತು ನಿಲ್ಲದು. ಗಟ್ಟಿ ಸರಕನ್ನು ಮಾಡಿದ ಕೈಗಳಿಗೆ ಮುಂದಿನ ಕೆಲಸವನ್ನು ಸಕಾಲದಲ್ಲಿ ಹುಡುಕಿಕೊಡದಿದ್ದರೆ ಕಾರ್ಖಾನೆ ಸಾಯುತ್ತದೆ.

ಕಾರ್ಖಾನೆ ಸತ್ತಾಗ ಹೋಗುವುದು ಕಟ್ಟಡವಲ್ಲ, ಕೈಚಳಕ. ಕೂದಲಿನಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗನ್ನು ಕೂರಿಸಬಲ್ಲ ಹೆಣ್ಣುಮಗಳು, ತಗಡು ಮಡಿಯುವ ಸದ್ದಿನಿಂದಲೇ ಅಚ್ಚು ಸವೆದದ್ದನ್ನು ಹೇಳಬಲ್ಲ ಮೇಸ್ತ್ರಿ, ಇಂಥವರು ತಯಾರಾಗಲು ಹತ್ತು ಹದಿನೈದು ವರ್ಷ ಬೇಕು. ಇವರಂತೆಯೇ ಕಾರ್ಖಾನೆಯ ಸುತ್ತ ಬಣ್ಣದವರು, ಅಚ್ಚಿನವರು, ರಬ್ಬರಿನ ಪಟ್ಟಿ ಮಾಡುವವರು, ಲಾರಿಯವರು, ಅಂಗಡಿಯವರು, ರಿಪೇರಿಯವರು ಎಂದು ದೊಡ್ಡ ಒಕ್ಕಲೇ ಬೆಳೆದಿರುತ್ತದೆ. ಅಕ್ಕಿ ಗಿರಣಿಯೂ ಕೆಲಸ ಕೊಡುತ್ತದೆ ನಿಜ. ಆದರೆ ಒಂದು ಫ್ರಿಜ್ಜಿನೊಳಗೆ ಸೇರುವಷ್ಟು ಬಗೆಬಗೆಯ ಕಸುಬು ಒಂದು ಮೂಟೆ ಅಕ್ಕಿಯಲ್ಲಿ ಸೇರುವುದಿಲ್ಲ. ಬಾಳಿಕೆಯ ಸರಕುಗಳನ್ನು ತಾನೇ ಮಾಡಿಕೊಳ್ಳಬಲ್ಲ ದೇಶವನ್ನು ಮುಂದುವರಿದ ದೇಶವೆಂದು ಎಣಿಸುವುದು ಈ ಕಾರಣದಿಂದ.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇವೆ. ಈ ಸರಕುಗಳು ನಮಗೆ ಕೊಡುವ ಮುಖ್ಯ ಲಾಭ ಹೊತ್ತು. ದೋಸೆಯ ಹಿಟ್ಟನ್ನು ಒರಳಿನಲ್ಲಿ ರುಬ್ಬಲು ಒಂದು ಗಂಟೆ ಹಿಡಿಯುತ್ತಿದ್ದರೆ ಯಂತ್ರ ಇಪ್ಪತ್ತು ನಿಮಿಷದಲ್ಲಿ ರುಬ್ಬುತ್ತದೆ, ಅಷ್ಟು ಹೊತ್ತೂ ಯಾರೂ ಬಳಿ ನಿಲ್ಲಬೇಕಾಗಿಲ್ಲ. ಬಟ್ಟೆ ಒಗೆಯುವ ಯಂತ್ರದ ಮಾತೂ ಇದೇ. ಅತ್ತೆ, ನಾದಿನಿ, ಓರಗಿತ್ತಿಯರು ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ವಲಸೆ ಬಂದ ಮನೆಯಲ್ಲಿ ಒಬ್ಬಾಕೆಯೇ ಮಾಡಬೇಕು. ಅವಳೂ ಶಾಲೆಯಲ್ಲೋ ಆಫೀಸಿನಲ್ಲೋ ದುಡಿಯುವವಳು. ಇಂಥ ಮನೆಗಳಲ್ಲಿ ಯಂತ್ರ ಭೋಗವಸ್ತುವೆಂದು ಹಿರಿಯರು ಗೊಣಗುವುದುಂಟು. ಅದು ಭೋಗವಸ್ತುವಲ್ಲ, ಊರಿನಲ್ಲಿ ಉಳಿದುಹೋದ ನಾಲ್ಕು ಕೈಗಳ ಬದಲಿ. ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಲು ತಾಯಿಗೆ ಸಂಜೆ ಅರ್ಧ ಗಂಟೆ ಸಿಕ್ಕಿದರೆ ಆ ಅರ್ಧ ಗಂಟೆಯಲ್ಲಿ ಯಂತ್ರದ ಪಾಲೂ ಇದೆ.

ಆದರೆ ಹೇಗೆ ಕೊಳ್ಳಬೇಕು ಎಂಬಲ್ಲಿ ಎಚ್ಚರ ಬೇಕು. ಹತ್ತು ವರ್ಷದ ಸೇವೆಗೆ ಹಣವನ್ನು ಒಮ್ಮೆಗೇ ಕೊಡುವುದು ಕಷ್ಟವಾದುದರಿಂದ ಕಂತಿನ ಪದ್ಧತಿ ಹುಟ್ಟಿತು, ಅದರಲ್ಲಿ ತಪ್ಪಿಲ್ಲ. ಸರಕು ಬಾಳುವ ಕಾಲಕ್ಕಿಂತ ಕಂತಿನ ಕಾಲ ಬಹಳ ಕಡಮೆಯಿರಬೇಕು, ಇದು ಮೊದಲ ನಿಯಮ. ಬಡ್ಡಿಯಿಲ್ಲದ ಕಂತು ಎಂಬ ಹಲಗೆಯನ್ನು ಕಂಡಾಗ ಬೆಲೆಯೊಳಗೆ ಬಡ್ಡಿ ಅಡಗಿದೆಯೇ ಎಂದು ಕೇಳಬೇಕು, ಇದು ಎರಡನೆಯದು. ೨೪,೦೦೦ ರೂಪಾಯಿಯ ಫ್ರಿಜ್ಜನ್ನು ತಿಂಗಳಿಗೆ ೨,೦೦೦ದಂತೆ ಹನ್ನೆರಡು ಕಂತಿಗೆ ಕೊಡುತ್ತಾರೆ; ರೊಕ್ಕ ಎಣಿಸುವವರಿಗೆ ಅದೇ ಫ್ರಿಜ್ಜನ್ನು ೨೨,೫೦೦ಕ್ಕೆ ಕೊಡುತ್ತಾರೆಂದು ಇಟ್ಟುಕೊಳ್ಳೋಣ. ಆಗ ೧,೫೦೦ ರೂಪಾಯಿ ಬಡ್ಡಿಯಲ್ಲದೆ ಮತ್ತೇನು? ಬಡ್ಡಿಯೇ ಇಲ್ಲವೆಂದು ತೋರಿಸುವ ಇಂಥ ಯೋಜನೆಗಳಲ್ಲಿ ನಿಜವಾದ ಖರ್ಚು ಮರೆಯಾಗುತ್ತದೆಂದು ರಿಸರ್ವ್ ಬ್ಯಾಂಕು ೨೦೧೩ರಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಮೂರನೆಯ ನಿಯಮ, ಒಂದರ ಕಂತು ಮುಗಿಯುವ ಮುನ್ನ ಇನ್ನೊಂದನ್ನು ಹೂಡಬಾರದು. ಕೆಲಸ ಹೋದರೆ ಬಂದು ಕೈಹಿಡಿಯುವ ಬಂಧುಬಳಗ ಊರಿನಲ್ಲಿದೆ, ಇಲ್ಲಿಲ್ಲ; ಇದನ್ನು ವಲಸೆಗಾರ ಮರೆಯಬಾರದು.

ಕೊಂಡ ಮೇಲಿನ ಕರ್ತವ್ಯ ರಿಪೇರಿ. ಹಿಂದೆ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ವರ್ಷಕ್ಕೆರಡು ಸಾರಿ ಬೀದಿಗೆ ಬರುತ್ತಿದ್ದ. ಅವನಿಲ್ಲದೆ ಆ ಪಾತ್ರೆ ಬಾಳುತ್ತಿರಲಿಲ್ಲ. ಬಾಳಿಕೆ ವಸ್ತುವಿನ ಗುಣ ಮಾತ್ರವಲ್ಲ, ಅದನ್ನು ನೋಡಿಕೊಳ್ಳುವವರ ಗುಣವೂ ಹೌದು. ಈ ನಗರ ಆ ವಿಚಾರದಲ್ಲಿ ಭಾಗ್ಯಶಾಲಿ. ಯಂತ್ರದ ಬಿಡಿಭಾಗಕ್ಕೆ ರಾಣಿಗಂಜ್ ಇದೆ. ರೇಡಿಯೋ, ಟೆಲಿವಿಷನ್ನಿನ ಸಣ್ಣ ಭಾಗಕ್ಕೆ ಕೋಠಿಯ ಗುಜರಾತಿ ಗಲ್ಲಿ ಇದೆ. ಅಲ್ಲಿ ಕೂತ ಕಸುಬುದಾರ ಐವತ್ತು ರೂಪಾಯಿಯ ಭಾಗ ಹಾಕಿ ಐದು ಸಾವಿರದ ಯಂತ್ರಕ್ಕೆ ಇನ್ನೈದು ವರ್ಷ ಕೊಡುತ್ತಾನೆ. ಈ ಐದು ವರ್ಷವೂ ಒಂದು ಉತ್ಪನ್ನವೇ ಅಲ್ಲವೇ? ಹೊಸ ಯಂತ್ರ ಮಾರಿದರೆ ಅದರ ಪೂರ್ತಿ ಬೆಲೆ ಉತ್ಪನ್ನದ ಲೆಕ್ಕದಲ್ಲಿ ಮೆರೆಯುತ್ತದೆ. ರಿಪೇರಿಯವನು ಉಳಿಸಿಕೊಟ್ಟ ವರ್ಷಗಳು ಅವನ ಕೂಲಿಯಷ್ಟಕ್ಕೇ ಲೆಕ್ಕಕ್ಕೆ ಬರುತ್ತವೆ. ಆದರೆ ಹೊಸ ಯಂತ್ರದ ಮಾರಾಟ ಕುಗ್ಗಿದ ವರ್ಷ ರಿಪೇರಿಯವನ ಅಂಗಡಿಯಲ್ಲಿ ಕೆಲಸ ಹೆಚ್ಚುತ್ತದೆ. ಒಂದು ಕಡೆ ಮುಚ್ಚಿದ ಬಾಗಿಲಿಗೆ ಇನ್ನೊಂದು ಕಡೆ ಕಿಟಕಿಯಾದರೂ ತೆರೆದಿರುತ್ತದೆ.

ಈಚೆಗೆ ಕೆಲವು ಸರಕುಗಳನ್ನು ಬಿಚ್ಚಲಾಗದಂತೆ ಅಂಟಿಸಿ ಮಾಡುವುದು, ಬಿಡಿಭಾಗವನ್ನು ಹೊರಗಿನವರಿಗೆ ಮಾರದಿರುವುದು ಹೆಚ್ಚಾಗಿದೆ. ಇದನ್ನು ತಡೆಯಲು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರ ಜುಲೈಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆ ವರ್ಷದ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದೇ ಒಂದು ಜಾಲತಾಣವನ್ನು ತೆರೆಯಿತು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ–ತ್ಯಾಜ್ಯದ ನಿಯಮಗಳು ಹಳೆಯ ಸರಕಿನ ವಿಲೇವಾರಿಯಲ್ಲಿ ತಯಾರಕರಿಗೂ ಹೊಣೆ ಹೊರಿಸಿವೆ. ಆದರೆ ನಿಯಮಕ್ಕೆ ಬಲ ಬರುವುದು ಗಿರಾಕಿ ಕೇಳಿದಾಗ. ಅಂಗಡಿಯಲ್ಲಿ ಬಣ್ಣ, ಬೆಲೆ ಕೇಳಿದ ಮೇಲೆ ಮೂರನೆಯ ಪ್ರಶ್ನೆಯೊಂದನ್ನು ಕೇಳುವ ಅಭ್ಯಾಸ ಮಾಡಿಕೊಳ್ಳೋಣ: ಎಂಟು ವರ್ಷದ ಮೇಲೆ ಇದಕ್ಕೆ ಬಿಡಿಭಾಗ ಎಲ್ಲಿ ಸಿಗುತ್ತದೆ? ಸಾವಿರ ಗಿರಾಕಿಗಳು ಇದನ್ನು ಕೇಳಿದರೆ ಕಾರ್ಖಾನೆಯವರೆಗೆ ಕೇಳಿಸುತ್ತದೆ.

ಹಳೆಯದನ್ನೆಲ್ಲ ಕಟ್ಟಿಕೊಂಡು ಕೂರಬೇಕೆಂದು ನಾವು ಹೇಳುತ್ತಿಲ್ಲ. ಬಾಳಿಕೆಗೂ ಮಿತಿಯುಂಟು. ವಿದ್ಯುತ್ತಿನ ಉಳಿತಾಯಕ್ಕೆ ನಕ್ಷತ್ರದ ಗುರುತು ಹಚ್ಚುವ ಪದ್ಧತಿ ನಮ್ಮ ದೇಶದಲ್ಲಿ ೨೦೦೬ರಲ್ಲಿ ಮೊದಲಾಯಿತು. ಹಳೆಯ ಫ್ರಿಜ್ ವರ್ಷಕ್ಕೆ ೬೦೦ ಯೂನಿಟ್ ನುಂಗುತ್ತದೆ, ಹೊಸದು ೨೦೦ ಯೂನಿಟ್ ಸಾಕೆನ್ನುತ್ತದೆ, ಯೂನಿಟ್ಟಿಗೆ ೭ ರೂಪಾಯಿ ಎಂದು ಇಟ್ಟುಕೊಂಡರೆ ವರ್ಷಕ್ಕೆ ಉಳಿಯುವುದು ೨,೮೦೦ ರೂಪಾಯಿ. ೨೨,೫೦೦ರ ಹೊಸ ಫ್ರಿಜ್ ಎಂಟು ವರ್ಷದಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಹಳೆಯದು ೩೦೦ ಯೂನಿಟ್ಟಿನಲ್ಲಿಯೇ ನಡೆಯುವುದಾದರೆ ತೀರಿಸಲು ಮೂವತ್ತೆರಡು ವರ್ಷ ಬೇಕು, ಆಗ ಬದಲಿಸುವುದು ದಂಡ. ಹೀಗೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿ ಕೊಳ್ಳುವವನು ತನ್ನ ಮನೆಯನ್ನೂ ಉಳಿಸುತ್ತಾನೆ, ದೇಶದ ಕಾರ್ಖಾನೆಗಳಿಗೂ ಉಪಕಾರ ಮಾಡುತ್ತಾನೆ. ಏಕೆಂದರೆ ಜಾಹೀರಾತಿನ ಹುರುಪಿಗೆ ಎಲ್ಲರೂ ಒಮ್ಮೆಗೇ ನುಗ್ಗುವುದು, ಹೆದರಿಕೆಗೆ ಎಲ್ಲರೂ ಒಮ್ಮೆಗೇ ಹಿಂಜರಿಯುವುದು, ಇವೇ ಕಾರ್ಖಾನೆಯನ್ನು ಬೀಳಿಸುತ್ತವೆ. ತನ್ನ ಅಗತ್ಯಕ್ಕೆ ತಕ್ಕಂತೆ ತನ್ನ ಕಾಲಕ್ಕೆ ಕೊಳ್ಳುವ ಸಂಸಾರ ಮಾರುಕಟ್ಟೆಯನ್ನು ಸಮವಾಗಿಡುತ್ತದೆ.

ಕೊನೆಯದಾಗಿ ಮಕ್ಕಳ ಮಾತು. ನಮ್ಮ ಮಕ್ಕಳಲ್ಲಿ ಹೆಚ್ಚು ಮಂದಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೆ ಹೋಗುತ್ತಿದ್ದಾರೆ, ಸಂತೋಷವೇ. ಆದರೆ ಒಂದು ವಸ್ತುವನ್ನು ಮಾಡಬಲ್ಲ, ಕೆಟ್ಟದ್ದನ್ನು ಸರಿಪಡಿಸಬಲ್ಲ ವಿದ್ಯೆಯನ್ನು ಕೀಳೆಂದು ಎಣಿಸುವ ಮನೋಭಾವವನ್ನು ನಮ್ಮ ಮನೆಗಳಿಂದ ತೊಲಗಿಸಬೇಕು. ಐ.ಟಿ.ಐ., ಪಾಲಿಟೆಕ್ನಿಕ್ಕುಗಳಲ್ಲಿ ಓದುವ ಹುಡುಗ ಹುಡುಗಿಯರನ್ನು ಈ ವೇದಿಕೆಯ ಮೇಲೆ ಕರೆದು ಪದವೀಧರರೊಡನೆ ಸಮಾನವಾಗಿ ಸನ್ಮಾನಿಸುವ ಪದ್ಧತಿಯನ್ನು ಸಂಘದವರು ಬರುವ ರಾಜ್ಯೋತ್ಸವದಿಂದ ಆರಂಭಿಸಬೇಕೆಂದು ನಮ್ಮ ವಿನಂತಿ. ಸಂಘದ ಸದಸ್ಯರಲ್ಲಿ ಕಾರ್ಖಾನೆಗಳಿಂದ ನಿವೃತ್ತರಾದ ಕುಶಲಿಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಎಳೆಯರಿಗೆ ಫ್ಯೂಸು ಕಟ್ಟುವುದು, ಮಿಕ್ಸಿ ಬಿಚ್ಚಿ ಜೋಡಿಸುವುದು ಇಷ್ಟನ್ನಾದರೂ ಕನ್ನಡದಲ್ಲಿ ಹೇಳಿಕೊಟ್ಟರೆ ಎರಡು ಕೆಲಸ ಒಟ್ಟಿಗೆ ಆದಾವು. ಕಸುಬು ಉಳಿದೀತು, ಕನ್ನಡಕ್ಕೆ ಆ ಕಸುಬಿನ ಮಾತುಗಳು ದಕ್ಕಿಯಾವು.